ಕರಿ ಎತ್ತಿಗೇ ಯಾಕೆ ಅಷ್ಟು ನೊಣ?

ಪ್ರಶ್ನೆ: ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿದೆ. ಮಳೆಗಾಲ ಮುಗಿಯುವ ಹೊತ್ತಿಗೆ, ಬಿಸಿಲೇರಿದ ಮೇಲೆ ದನ ಮೇಯಿಸಲು ಹೋದರೆ ದೊಡ್ಡ ನೊಣಗಳು ಬಂದು ಕಚ್ಚುತ್ತವೆ, ರಕ್ತ ಹನಿಯುತ್ತದೆ. ನಮ್ಮ ಜೋಡಿಯಲ್ಲಿ ಕರಿ ಎತ್ತಿಗೆ ಮುತ್ತಿದಷ್ಟು ಬಿಳಿ ಎತ್ತಿಗೆ ಮುತ್ತುವುದಿಲ್ಲ. ಅಷ್ಟು ದೊಡ್ಡ ಕಾಡಿನಲ್ಲಿ ಈ ನೊಣಗಳು ಪ್ರಾಣಿಗಳನ್ನು ಹೇಗೆ ಪತ್ತೆ ಮಾಡುತ್ತವೆ? ಕಾಡುಪ್ರಾಣಿಗಳಿಂದ ನಮ್ಮ ರಾಸುಗಳಿಗೆ ರೋಗ ತರುತ್ತವೆಯೇ? ಇನ್ನೊಂದು ವಿಷಯ. ಕಬಿನಿ ಹಿನ್ನೀರಿನ ಹತ್ತಿರ ಒಂದು ಆನೆ ಸೊಪ್ಪಿನ ಕೊಂಬೆ ಹಿಡಿದು ಮೈಗೆ ಬಡಿದುಕೊಳ್ಳುತ್ತಿತ್ತು. ಅದು ನೊಣ ಓಡಿಸಲಿಕ್ಕೋ, ಆಟಕ್ಕೋ ಅಂತ ಮಗಳು ಕೇಳುತ್ತಿದ್ದಾಳೆ.

ಉತ್ತರ: ನಿಮ್ಮ ಮಗಳ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಉತ್ತರ ನಾಗರಹೊಳೆಯಲ್ಲೇ ಸಿಕ್ಕಿದೆ. ಮೊದಲು ನೊಣದ ಗುರುತು ಹೇಳುತ್ತೇನೆ.

ದೊಡ್ಡದು, ಬಿಸಿಲಿನಲ್ಲಿ ಬರುತ್ತದೆ, ಕಚ್ಚಿದ ಕಡೆ ರಕ್ತ ಹನಿಯುತ್ತದೆ ಅಂದಿರಿ. ಹಾಗಾದರೆ ಅದು ಟಬಾನಸ್ ಗುಂಪಿನ ನೊಣ. ಇಂಗ್ಲಿಷಿನಲ್ಲಿ ಹಾರ್ಸ್ ಫ್ಲೈ ಅನ್ನುತ್ತಾರೆ. ಒಂದನ್ನು ಹೊಡೆದು ಕೈಯಲ್ಲಿ ಹಿಡಿದು ನೋಡಿ. ಎರಡು ಕಣ್ಣುಗಳ ನಡುವೆ ಸಣ್ಣ ಸಂದು ಇರುತ್ತದೆ. ಅದು ಹೆಣ್ಣಿನ ಗುರುತು. ಗಂಡಿನ ಕಣ್ಣುಗಳು ನೆತ್ತಿಯಲ್ಲಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ನಿಮ್ಮ ಎತ್ತಿನ ಮೈಮೇಲೆ ಸಿಗುವುದು ಹೆಣ್ಣು ಮಾತ್ರ. ಗಂಡು ಹೂವಿನ ಮಕರಂದ ಕುಡಿದು ಬದುಕುತ್ತದೆ. ಹೆಣ್ಣಿಗೆ ಮೊಟ್ಟೆ ಬಲಿಯಲು ರಕ್ತ ಬೇಕು, ಅದಕ್ಕೇ ಕಚ್ಚುತ್ತದೆ.

ಇದರ ಜೊತೆಗೆ ಇನ್ನೂ ನಾಲ್ಕು ಬಗೆಯವು ನಿಮ್ಮ ಕಡೆ ಇವೆ. ಮನೆನೊಣದ ಹಾಗೆಯೇ ಕಂಡರೂ ಮೂತಿಯ ಮುಂದೆ ಸೂಜಿ ಚಾಚಿಕೊಂಡಿರುವುದು ಸ್ಟೊಮಾಕ್ಸಿಸ್. ಇದು ಕೊಟ್ಟಿಗೆಯ ನೊಣ. ಇದರಲ್ಲಿ ಗಂಡು ಹೆಣ್ಣು ಎರಡೂ ರಕ್ತ ಕುಡಿಯುತ್ತವೆ. ಎಮ್ಮೆಯ ಬೆನ್ನು, ಭುಜದ ಮೇಲೆ ಗುಂಪಾಗಿ ಕೂತು ಹಗಲೂ ರಾತ್ರಿ ಅಲ್ಲೇ ಇರುವ ಸಣ್ಣ ನೊಣ ಇನ್ನೊಂದು. ಅದು ಹೊಸ ಸಗಣಿ ಬಿದ್ದಾಗ ಮೊಟ್ಟೆ ಇಡಲು ಕೆಳಗೆ ಇಳಿದು, ಮತ್ತೆ ಮೇಲೆ ಹತ್ತುತ್ತದೆ. ಕೂದಲಿನ ಸಂದಿಯಲ್ಲಿ ಏಡಿಯ ಹಾಗೆ ಅಡ್ಡಡ್ಡ ಓಡುವ ಚಪ್ಪಟೆ ತೊಣಚಿ ಮೂರನೆಯದು. ಸಂಜೆ ಮುತ್ತುವ ನೊರಜು ನಾಲ್ಕನೆಯದು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾದರೂ ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುವುದು ಈ ನೊರಜಿನ ಒಂದು ಜಾತಿಯೇ. ಬನ್ನೂರು, ಮಳವಳ್ಳಿ ಕಡೆ ಕುರಿ ಸಾಕುವವರಿಗೆ ಈ ರೋಗದ ಹೆಸರು ಹೊಸದಲ್ಲ.

ಈಗ ಹುಡುಕಾಟದ ವಿಷಯ. ನೊಣಕ್ಕೆ ಮೊದಲು ಸಿಗುವುದು ವಾಸನೆ. ಬೆಂಗಳೂರಿನಿಂದ ಮಂಡ್ಯದ ಕಡೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಆಲೆಮನೆಯ ಬೆಲ್ಲದ ವಾಸನೆ ಬರುವುದು ನೆನಪಿಸಿಕೊಳ್ಳಿ. ಒಂದು ಕ್ಷಣ ಗಮ್ ಅನ್ನುತ್ತದೆ, ಮರುಕ್ಷಣ ಇಲ್ಲ, ಮತ್ತೆ ಬರುತ್ತದೆ. ಗಾಳಿಯಲ್ಲಿ ವಾಸನೆ ಹಗ್ಗದ ಹಾಗೆ ಒಂದೇ ಸಮನೆ ಸಾಗುವುದಿಲ್ಲ. ಹರಿದ ಬಟ್ಟೆಯ ಚೂರುಗಳ ಹಾಗೆ ತೇಲಿ ಬರುತ್ತದೆ. ಆನೆ, ಕಾಟಿ, ಕಡವೆ, ನಿಮ್ಮ ಎತ್ತು, ಎಲ್ಲದರ ಉಸಿರಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ದನದ ಉಸಿರಿನಲ್ಲಿ ಅದರ ಜೊತೆ ಅಸಿಟೋನ್ ಮತ್ತು ಆಕ್ಟೆನಾಲ್ ಎಂಬ ರಾಸಾಯನಿಕಗಳೂ ಇರುತ್ತವೆ. ಗಂಜಲದಿಂದ ಅಮೋನಿಯಾ ಮತ್ತು ಫೀನಾಲ್ ಜಾತಿಯವು ಏಳುತ್ತವೆ. ನೊಣದ ಕುಡಿಮೀಸೆಗೆ ಒಂದು ಚೂರು ವಾಸನೆ ತಾಗಿದರೆ ಸಾಕು, ಅದು ಗಾಳಿಗೆ ಎದುರಾಗಿ ಹಾರುತ್ತದೆ. ವಾಸನೆ ತಪ್ಪಿತು ಅಂದರೆ ಅಡ್ಡಡ್ಡ ಹಾರಿ ಹುಡುಕುತ್ತದೆ. ಮತ್ತೆ ಸಿಕ್ಕರೆ ಮತ್ತೆ ಎದುರು ಗಾಳಿಗೆ.

ವಾಸನೆಯೊಂದೇ ಸಾಕು ಅಂತ ಹೇಗೆ ಗೊತ್ತಾಯಿತು ಅನ್ನುವ ಕಥೆ ನನಗೆ ಬಹಳ ಇಷ್ಟ. ಆಫ್ರಿಕಾದಲ್ಲಿ ತ್ಸೆತ್ಸೆ ಎಂಬ ನೊಣ ಇದೆ. ಅದು ನಮ್ಮ ದೇಶದಲ್ಲಿಲ್ಲ. ಆದರೆ ಕಚ್ಚುವ ನೊಣಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಅದರಿಂದಲೇ ಕಲಿತದ್ದು. ಈಗಿನ ಜಿಂಬಾಬ್ವೆಯಲ್ಲಿ 1970ರ ದಶಕದಲ್ಲಿ ಗ್ಲಿನ್ ವೇಲ್ ಎಂಬ ವಿಜ್ಞಾನಿ ನೆಲದೊಳಗೆ ದೊಡ್ಡ ಗುಂಡಿ ತೋಡಿಸಿ, ಅದರಲ್ಲಿ ಎತ್ತುಗಳನ್ನು ಕಟ್ಟಿ, ಮೇಲೆ ಮುಚ್ಚಿಸಿದರು. ಒಳಗಿನ ಗಾಳಿಯನ್ನು ಕೊಳವೆ ಮೂಲಕ ಹೊರಗೆ ಬಿಟ್ಟರು. ಹೊರಗಿನಿಂದ ನೋಡಿದರೆ ಎತ್ತಿನ ಬಾಲವೂ ಕಾಣದು. ಆದರೂ ಕೊಳವೆಯ ಬಾಯಿಗೆ ನೊಣ ಬಂದವು. ಗುಂಡಿಯಲ್ಲಿ ಎತ್ತು ಹೆಚ್ಚಿದಂತೆ ನೊಣವೂ ಹೆಚ್ಚಿತು. ಆಕ್ಟೆನಾಲ್ ಪತ್ತೆಯಾಗಿದ್ದು ಈ ಕೆಲಸದ ಮುಂದುವರಿಕೆಯಲ್ಲೇ, 1984ರಲ್ಲಿ.

ಎಲ್ಲ ಪ್ರಾಣಿಯ ವಾಸನೆಯೂ ನೊಣವನ್ನು ಕರೆಯುವುದಿಲ್ಲ. ಆಫ್ರಿಕಾದಲ್ಲಿ ವಾಟರ್‌ಬಕ್ ಎಂಬ ದೊಡ್ಡ ಜಿಂಕೆಯಂಥ ಪ್ರಾಣಿ ಇದೆ. ಸುತ್ತಮುತ್ತ ತ್ಸೆತ್ಸೆ ತುಂಬಿದ್ದರೂ ಅದನ್ನು ಕಚ್ಚುವುದು ಅಪರೂಪ. ಅದರ ಮೈವಾಸನೆಯೇ ನೊಣಕ್ಕೆ ಆಗುವುದಿಲ್ಲ. ನೈರೋಬಿಯ ಇಸಿಪೆ ಎಂಬ ಕೀಟ ಸಂಶೋಧನಾ ಸಂಸ್ಥೆಯವರು ಆ ವಾಸನೆಯಲ್ಲಿರುವ ರಾಸಾಯನಿಕಗಳನ್ನು ಗುರುತಿಸಿ, ಅವನ್ನು ತುಂಬಿದ ಕೊರಳಪಟ್ಟಿ ಮಾಡಿ ದನಗಳಿಗೆ ಕಟ್ಟಿ ನೋಡಿದರು. ಕಾಟ ಕಡಿಮೆಯಾಯಿತು. ಒಂದು ಕಾಡುಪ್ರಾಣಿಯ ಮೈವಾಸನೆ ದೂರದ ಹಟ್ಟಿಯ ದನವನ್ನು ಕಾಯುತ್ತದೆ ಅಂದರೆ ಎಂಥ ಸೊಗಸು ಅಲ್ವಾ.

ವಾಸನೆ ನೊಣವನ್ನು ಹತ್ತಿರಕ್ಕೆ ತಂದು ಬಿಡುತ್ತದೆ, ಅಷ್ಟೆ. ಅಲ್ಲಿಂದ ಮುಂದೆ ಕಣ್ಣಿನ ಕೆಲಸ. ನಿಮ್ಮ ಕರಿ ಎತ್ತು ಸಿಕ್ಕಿಬೀಳುವುದು ಇಲ್ಲೇ.

ಬಿಸಿಲಲ್ಲಿ ಕೆರೆಯ ನೀರು ಹೊಳೆಯುತ್ತದೆ. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಆ ಹೊಳಪು ಮಾಯವಾಗಿ ನೀರಿನೊಳಗಿನ ಮೀನು ಕಾಣುತ್ತದೆ. ಹೊಳಪಿನ ಬೆಳಕು ಎಲ್ಲ ದಿಕ್ಕಿಗೂ ಅಲುಗದೆ ಒಂದೇ ದಿಕ್ಕಿಗೆ ಅಲುಗುವಂಥದ್ದು. ಕನ್ನಡಕ ಅದನ್ನು ತಡೆಯುತ್ತದೆ. ಇದಕ್ಕೆ ಧ್ರುವೀಕೃತ ಬೆಳಕು ಅನ್ನುತ್ತಾರೆ. ನಮ್ಮ ಬರಿಗಣ್ಣಿಗೆ ಅದರ ವ್ಯತ್ಯಾಸ ತಿಳಿಯದು. ನೊಣಕ್ಕೆ ತಿಳಿಯುತ್ತದೆ. ಟಬಾನಸ್ ನೊಣ ಕೆರೆ, ಹಳ್ಳ, ಗದ್ದೆ ಪತ್ತೆ ಮಾಡುವುದೇ ಈ ಹೊಳಪಿನಿಂದ. ಅದು ಮೊಟ್ಟೆ ಇಡುವುದು ನೀರಿನ ಮೇಲೆ ಬಾಗಿದ ಎಲೆಗಳಿಗೆ, ಮರಿಹುಳು ಬೆಳೆಯುವುದು ದಡದ ಕೆಸರಿನಲ್ಲಿ.

ಕಪ್ಪು ನುಣುಪು ಕೂದಲಿನ ಮೈ ಕೂಡ ಬಿಸಿಲಿಗೆ ಇದೇ ಬಗೆಯ ಹೊಳಪು ಕೊಡುತ್ತದೆ. ಬಿಳಿ ಮೈ ಅಷ್ಟು ಕೊಡುವುದಿಲ್ಲ. ಹಂಗೇರಿಯ ಗಾಬೋರ್ ಹೊರ್ವಾತ್ ಮತ್ತು ಅವರ ಜೊತೆಯವರು 2010ರಲ್ಲಿ ಕುದುರೆಗಳ ಮೇಲೆ ಇದನ್ನು ತೋರಿಸಿಕೊಟ್ಟರು. ಕಪ್ಪು, ಕಂದು ಕುದುರೆಗೆ ಮುತ್ತಿದಷ್ಟು ನೊಣ ಬಿಳಿ ಕುದುರೆಗೆ ಮುತ್ತಲಿಲ್ಲ. ಹಾಗಾಗಿ ನೀವು ಕಣ್ಣಾರೆ ಕಂಡಿದ್ದು ನಿಜ. ಕಪ್ಪು ಮೈ ಬಿಸಿಲಿಗೆ ಬೇಗ ಕಾಯುವುದರಿಂದ ಇನ್ನೊಂದು ಕಷ್ಟವೂ ಇದೆ. ಬಿಸಿ ಕೂಡ ನೊಣಕ್ಕೆ ಒಂದು ಸುಳಿವು. ಟಬಾನಸ್ ಹಿಡಿಯಲು ಹೊಳೆಯುವ ಕಪ್ಪು ಚೆಂಡನ್ನು ಬಿಸಿಲಲ್ಲಿ ನೇತುಹಾಕುವ ಬೋನೇ ಇದೆ. ಕಾದ ಚೆಂಡನ್ನು ಪ್ರಾಣಿ ಅಂದುಕೊಂಡು ಬರುತ್ತವೆ. ಸಫಾರಿ ಜೀಪಿನ ಹಿಂದೆ ಈ ನೊಣಗಳು ಅಟ್ಟಿಸಿಕೊಂಡು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚಲಿಸುವ ದೊಡ್ಡ ಆಕಾರ, ಬಿಸಿಯಾದ ಎಂಜಿನ್, ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್. ನೊಣದ ಲೆಕ್ಕದಲ್ಲಿ ಅದೊಂದು ದೊಡ್ಡ ಕಾಟಿ. ಕಾಡಿಗೆ ಹೋಗುವಾಗ ಕಪ್ಪು, ಕಡುನೀಲಿ ಬಟ್ಟೆ ಬೇಡ ಅಂತ ನಾನು ಹೇಳುವುದು ಇದಕ್ಕೇ.

ಮೈಸೂರು ಮೃಗಾಲಯಕ್ಕೆ ಬಂದಾಗ ಜೀಬ್ರಾ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಆ ಪಟ್ಟೆ ಯಾಕೆ ಅನ್ನುವುದಕ್ಕೆ ಹಿಂದೆ ಹತ್ತು ಬಗೆಯ ಉತ್ತರ ಇದ್ದವು. ಈಗ ಹೆಚ್ಚು ಆಧಾರ ಇರುವುದು ನೊಣದ ಉತ್ತರಕ್ಕೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟಿಮ್ ಕ್ಯಾರೊ ಮತ್ತು ಅವರ ತಂಡ ಬ್ರಿಟನ್ನಿನ ಕುದುರೆಗಳಿಗೆ ಪಟ್ಟೆ ಬಟ್ಟೆ ಹೊದಿಸಿ ನೋಡಿದರು. ನೊಣ ಹತ್ತಿರಕ್ಕೇನೋ ಅಷ್ಟೇ ಸಂಖ್ಯೆಯಲ್ಲಿ ಬಂದವು. ಆದರೆ ಪಟ್ಟೆಯ ಮೇಲೆ ಸರಿಯಾಗಿ ಇಳಿಯಲು ಆಗಲಿಲ್ಲ. ವೇಗ ತಗ್ಗಿಸದೆ ಬಂದು ಡಿಕ್ಕಿ ಹೊಡೆದವು, ಇಲ್ಲವೇ ಪಕ್ಕಕ್ಕೆ ಹಾರಿದವು. ಅದೇ ಕುದುರೆಯ ಬಟ್ಟೆ ಇಲ್ಲದ ತಲೆಯ ಮೇಲೆ ಎಂದಿನಂತೆ ಕೂತವು. ಅದೇ ವರ್ಷ ಜಪಾನಿನಲ್ಲಿ ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದು ನೋಡಿದರು. ಮೈಮೇಲೆ ಕೂರುವ ನೊಣ ಸುಮಾರು ಅರ್ಧಕ್ಕೆ ಇಳಿಯಿತು. ಇದನ್ನು ಓದಿ ನಿಮ್ಮ ಎತ್ತಿಗೆ ಸುಣ್ಣ ಬಳಿಯಬೇಡಿ. ಸುಣ್ಣ ಚರ್ಮ ಸುಡುತ್ತದೆ.

ಕೂತ ಮೇಲೆ ಏನಾಗುತ್ತದೆ? ಸೊಳ್ಳೆ ಸೂಜಿ ಚುಚ್ಚಿ ಸಣ್ಣ ರಕ್ತನಾಳ ಹುಡುಕಿ ಹೀರುತ್ತದೆ. ಟಬಾನಸ್‌ಗೆ ಆ ನಾಜೂಕು ಇಲ್ಲ. ಅದರ ಬಾಯಲ್ಲಿ ಕತ್ತರಿಯಂಥ ಅಲಗುಗಳಿವೆ. ಅವುಗಳಿಂದ ಚರ್ಮ ಕುಯ್ಯುತ್ತದೆ. ಗಾಯದಲ್ಲಿ ರಕ್ತ ತುಂಬಿಕೊಂಡಾಗ ಸ್ಪಂಜಿನಂಥ ಮೂತಿಯಿಂದ ಹೀರಿಕೊಳ್ಳುತ್ತದೆ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶಗಳಿರುತ್ತವೆ. ಅದಕ್ಕೇ ನೊಣ ಹಾರಿಹೋದ ಮೇಲೂ ರಕ್ತ ಇಳಿಯುತ್ತಿರುತ್ತದೆ, ಆ ರಕ್ತಕ್ಕೆ ಬೇರೆ ನೊಣಗಳು ಬರುತ್ತವೆ. ಕೊಟ್ಟಿಗೆಯ ಸ್ಟೊಮಾಕ್ಸಿಸ್ ಹೆಚ್ಚಾಗಿ ಕಾಲಿಗೆ ಕೂರುತ್ತದೆ. ರಾಸು ನಿಂತಲ್ಲೇ ಕಾಲು ಕುಟ್ಟುತ್ತಿದ್ದರೆ ಅದರದೇ ಕೆಲಸ. ಆನೆಯ ಬೆನ್ನಿನ ಚರ್ಮ ದಪ್ಪ. ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ, ಕಾಲಿನ ಸಂದಿಯಲ್ಲಿ ತೆಳು. ನೊಣಕ್ಕೆ ಅಲ್ಲೇ ಜಾಗ ಸಿಗುತ್ತದೆ.

ಈ ಕುಯ್ಯುವ ಬಾಯಿಯಿಂದಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಬರುತ್ತದೆ. ಕುಯ್ದರೆ ನೋವಾಗುತ್ತದೆ. ನೋವಾದರೆ ಪ್ರಾಣಿ ಬಾಲ ಬೀಸುತ್ತದೆ, ಮೈ ಅದುರಿಸುತ್ತದೆ. ನೊಣ ಹೊಟ್ಟೆ ತುಂಬುವ ಮೊದಲೇ ಏಳಬೇಕಾಗುತ್ತದೆ. ಎದ್ದದ್ದು ಅರ್ಧ ಕುಡಿದ ರಕ್ತ ಬಾಯಲ್ಲಿಟ್ಟುಕೊಂಡು ಹತ್ತಿರದ ಇನ್ನೊಂದು ಪ್ರಾಣಿಗೆ ಹೋಗುತ್ತದೆ. ಮೊದಲನೆಯದರ ರಕ್ತದಲ್ಲಿ ರೋಗಾಣು ಇದ್ದರೆ ಎರಡನೆಯದಕ್ಕೆ ದಾಟುತ್ತದೆ. ಸರ್ರಾ ರೋಗ ಹರಡುವುದು ಹೀಗೆ. ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು 1880ರಲ್ಲಿ ಆಗಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಇದರ ಪರೋಪಜೀವಿಯನ್ನು ಕಂಡರು. ಅದರ ಹೆಸರಿನಲ್ಲಿ ಈಗಲೂ ಅವರ ಹೆಸರಿದೆ, ಟ್ರಿಪನೊಸೋಮಾ ಇವಾನ್ಸೈ. ದನ, ಎಮ್ಮೆಯಲ್ಲಿ ಈ ರೋಗ ಎಷ್ಟೋ ಸಲ ಎದ್ದು ಕಾಣುವುದಿಲ್ಲ. ಬಿಟ್ಟು ಬಿಟ್ಟು ಜ್ವರ ಬರುತ್ತದೆ, ರಕ್ತಹೀನತೆ ಆಗುತ್ತದೆ, ರಾಸು ಸೊರಗುತ್ತದೆ. ಕುದುರೆ, ನಾಯಿಗೆ ಪ್ರಾಣಕ್ಕೇ ಬರುತ್ತದೆ. ಹುಲಿಯನ್ನೂ ಬಿಡುವುದಿಲ್ಲ. 2000ದಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಟ್ರಿಪನೊಸೋಮಾ ಸೋಂಕಿನಿಂದ ಸತ್ತವು.

ಹಾಗಾದರೆ ಕಾಡು ಊರಿಗೆ ರೋಗ ಕೊಡುತ್ತದೆಯೇ? ಕೊಡಬಹುದು. ಆದರೆ ನೀವು ಕೇಳಿದ ಧಾಟಿಯನ್ನು ನಾನು ಸ್ವಲ್ಪ ತಿರುಗಿಸಬೇಕು. ನೊಣಕ್ಕೆ ಕಂದಕ, ಸೋಲಾರ್ ಬೇಲಿ ಯಾವುದೂ ಗಡಿಯಲ್ಲ. ರೋಗ ಆಚೆಯಿಂದ ಈಚೆಗೆ ಬಂದಷ್ಟೇ ಸಲೀಸಾಗಿ ಈಚೆಯಿಂದ ಆಚೆಗೂ ಹೋಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ದನಗಳನ್ನು ಕಾಡಿದ್ದು ನೆನಪಿದೆ ಅಲ್ವಾ. ಅದನ್ನು ಹರಡುವುದೂ ಇಂಥ ಕಚ್ಚುವ ನೊಣ, ಸೊಳ್ಳೆಗಳೇ. ಮೈಯೆಲ್ಲ ಗಂಟಾದ ಹಸುವಿಗೆ ನೀವು ಡಾಕ್ಟರನ್ನು ಕರೆಸುತ್ತೀರಿ, ರಾಗಿ ಅಂಬಲಿ ಕುಡಿಸುತ್ತೀರಿ, ಗಾಯಕ್ಕೆ ಬೇವು ಹಚ್ಚುತ್ತೀರಿ. ಕಾಟಿಗೆ ಅದನ್ನೆಲ್ಲ ಯಾರು ಮಾಡುತ್ತಾರೆ? ಜ್ವರ ಬಂದ ರಾಸನ್ನು ಕಾಡಂಚಿಗೆ ಮೇಯಲು ಬಿಡಬೇಡಿ ಅಂತ ನಾನು ಹೋದಲ್ಲೆಲ್ಲ ಹೇಳುವುದು ನಿಮ್ಮ ಹಟ್ಟಿಯ ಮೇಲಿನ ಕಾಳಜಿಯಿಂದ ಎಷ್ಟೋ, ಆ ಕಾಟಿಗಳ ಮೇಲಿನ ಕಾಳಜಿಯಿಂದಲೂ ಅಷ್ಟೇ.

ಸಮಾಧಾನದ ವಿಷಯವೂ ಇದೆ. ನೊಣದ ಬಾಯಲ್ಲಿ ಸರ್ರಾ ಪರೋಪಜೀವಿ ಬಹಳ ಹೊತ್ತು ಬದುಕುವುದಿಲ್ಲ. ಮುಂದಿನ ಪ್ರಾಣಿ ದೂರ ಇದ್ದರೆ ನೊಣವೂ ಹೆಚ್ಚಾಗಿ ಮೊದಲು ಕಚ್ಚಿದ ಪ್ರಾಣಿಗೇ ವಾಪಸ್ ಬರುತ್ತದೆ. ಅಮೆರಿಕದಲ್ಲಿ ಈ ನೊಣದಿಂದ ಹರಡುವ ಕುದುರೆಯ ಒಂದು ವೈರಸ್ ರೋಗ ಇದೆ. ಸೋಂಕಿನ ಕುದುರೆಯನ್ನು ಉಳಿದವುಗಳಿಂದ ಸುಮಾರು 180 ಮೀಟರ್ ದೂರ ಇಡಬೇಕು ಅಂತ ಅಲ್ಲಿ ನಿಯಮ. ನಿಮ್ಮ ಹಿತ್ತಿಲಲ್ಲಿ ಅಷ್ಟು ಜಾಗ ಇರಲಿಕ್ಕಿಲ್ಲ. ಆದರೂ ಕಾಯಿಲೆ ಬಿದ್ದ ರಾಸನ್ನು ಎಷ್ಟು ದೂರ ಕಟ್ಟಿದರೆ ಅಷ್ಟು ಒಳ್ಳೆಯದು. ಒಂದೇ ಗೂಟಕ್ಕೆ, ಒಂದೇ ಸಾಲಿನಲ್ಲಿ ಕಟ್ಟುವುದಂತೂ ಬೇಡ.

ಉಳಿದ ಉಪಾಯಗಳು ಮೇಲೆ ಹೇಳಿದ್ದರಿಂದಲೇ ಹುಟ್ಟುತ್ತವೆ. ಟಬಾನಸ್ ಬಿಸಿಲಿನ ನೊಣ, ನೆರಳಿನಲ್ಲಿ ಅದರ ಕಾಟ ಕಡಿಮೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಬೇಗ ಮೇಯಿಸಿ, ಬಿಸಿಲೇರಿದಾಗ ಕರಿ ಎತ್ತನ್ನಾದರೂ ಮರದಡಿ, ಇಲ್ಲವೇ ಕೊಟ್ಟಿಗೆಯೊಳಗೆ ಕಟ್ಟಿ. ಸಂಜೆ ನೊರಜಿಗೆ ಬೇವಿನ ಸೊಪ್ಪಿನ ಹೊಗೆ ಹಾಕುವುದು ಒಳ್ಳೆಯ ರೂಢಿ. ಹೊಗೆ ದನದ ವಾಸನೆಯನ್ನೂ ಮುಚ್ಚುತ್ತದೆ. ಆದರೆ ದನ ಕೆಮ್ಮುವಷ್ಟು ಬೇಡ. ಸ್ಟೊಮಾಕ್ಸಿಸ್ ಕಾಡಿನಿಂದ ಬರುವುದಲ್ಲ, ನಿಮ್ಮ ಅಂಗಳದಲ್ಲೇ ಹುಟ್ಟುವುದು. ಸಗಣಿ, ಗಂಜಲ ಬೆರೆತು ಕೊಳೆಯುವ ಹಸಿ ಹುಲ್ಲು ಅದರ ತೊಟ್ಟಿಲು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ನೊಣವಾಗಲು ಎರಡು ಮೂರು ವಾರ ಸಾಕು. ವಾರಕ್ಕೊಮ್ಮೆ ಗೊಂತಿನ ಕೆಳಗಿನ ಹಸಿ ಹುಲ್ಲು ಬಾಚಿ ಒಣಗಿಸಿದರೆ ಅದರ ಸಂತತಿ ಅಲ್ಲೇ ತುಂಡಾಗುತ್ತದೆ. ನನ್ನ ಅನುಭವದಲ್ಲಿ ಇದರಷ್ಟು ಫಲ ಕೊಡುವ ಔಷಧಿ ಇಲ್ಲ.

ಬೋನು ಹೊಲಿಸುವ ಆಸೆ ಇದ್ದರೆ ನೀಲಿ ಮತ್ತು ಕಪ್ಪು ಬಟ್ಟೆ ತನ್ನಿ. ಕೀನ್ಯಾದಲ್ಲಿ ರೂಪುಗೊಂಡ ನ್ಜಿ ಎಂಬ ಬೋನಿದೆ. ಸ್ವಾಹಿಲಿ ಭಾಷೆಯಲ್ಲಿ ನ್ಜಿ ಅಂದರೆ ನೊಣ. ಮುಂದೆ ನೀಲಿ ಬಟ್ಟೆ, ಒಳಗೆ ಕಪ್ಪು, ಹಿಂದೆ ಮತ್ತು ಮೇಲೆ ಸೊಳ್ಳೆಪರದೆ. ನೀಲಿ ಕಂಡು ಬಂದ ನೊಣ ಕಪ್ಪಿನ ಮೇಲೆ ಕೂರಲು ಒಳಗೆ ಹೋಗುತ್ತದೆ. ಆಮೇಲೆ ಬೆಳಕಿಗೆ ಅಂತ ಮೇಲೆ ಹಾರಿ ತುದಿಯ ಬಾಟಲಿಗೆ ಬೀಳುತ್ತದೆ. ಪಕ್ಕದಲ್ಲಿ ಕೆಲವು ದಿನ ಹಳೆಯದಾದ ಗಂಜಲವನ್ನು ಬಾಟಲಿಯಲ್ಲಿ ಬಾಯಿ ತೆರೆದಿಟ್ಟರೆ ಇನ್ನೂ ಜಾಸ್ತಿ ಬೀಳುತ್ತವೆ. ವಿಷ ಬೇಕಿಲ್ಲ. ಅದು ಮುಖ್ಯ, ಯಾಕೆಂದರೆ ಕೀಟನಾಶಕ ಸುರಿದರೆ ದನದ ಸುತ್ತ ನೊಣ ಹಿಡಿದು ತಿನ್ನುವ ಬೆಳ್ಳಕ್ಕಿ, ಕಾಜಾಣಗಳಿಗೂ ತೊಂದರೆ.

ಕಾಡುಪ್ರಾಣಿಗಳು ತಮ್ಮದೇ ದಾರಿ ಕಂಡುಕೊಂಡಿವೆ. ಹಂದಿ, ಆನೆ ಮೈಗೆ ಕೆಸರು ಮೆತ್ತಿಕೊಳ್ಳುತ್ತವೆ. ಕೆಸರು ತಂಪು, ಒಣಗಿದ ಮೇಲೆ ಅದೇ ಒಂದು ಪದರ ಕವಚ. ಜಿಂಕೆಗಳು ಹಿಂಡಾಗಿ ನಿಂತರೆ ಬಂದ ನೊಣ ಎಲ್ಲದಕ್ಕೂ ಹಂಚಿಹೋಗುತ್ತದೆ, ಒಂದಕ್ಕೇ ಬೀಳುವ ಏಟು ಕಡಿಮೆಯಾಗುತ್ತದೆ. ಬಾಲದ್ದು ಇನ್ನೂ ಸ್ವಾರಸ್ಯ. ಬೀಸುವ ಬಾಲದ ಗಾಳಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದ್ದು, ಅಂದರೆ ಸೊಳ್ಳೆ ಹಾರುವಷ್ಟೇ ವೇಗ. 2018ರಲ್ಲಿ ಅಳೆದು ನೋಡಿದಾಗ ಆ ಗಾಳಿಯೊಂದೇ ಅರ್ಧದಷ್ಟು ಸೊಳ್ಳೆಗಳನ್ನು ಕೂರದಂತೆ ತಡೆಯಬಲ್ಲದು ಅಂತ ಗೊತ್ತಾಯಿತು. ತಾಗದೇ ಹೋದ ಏಟೂ ವ್ಯರ್ಥವಲ್ಲ.

ಇನ್ನು ನಿಮ್ಮ ಮಗಳ ಆನೆ. ಆಟ ಅಲ್ಲ ಅಂತ ಅವಳಿಗೆ ಹೇಳಿ, ಅದು ನೊಣ ಓಡಿಸಲಿಕ್ಕೇ. ದೇವಸ್ಥಾನದಲ್ಲಿ ಉತ್ಸವಮೂರ್ತಿಗೆ ಚಾಮರ ಬೀಸುವುದನ್ನು ಅವಳು ನೋಡಿರುತ್ತಾಳೆ. ಚಾಮರವೂ ಮೂಲದಲ್ಲಿ ನೊಣ ಓಡಿಸುವ ಸಾಧನವೇ. ಆನೆ ತನ್ನ ಚಾಮರವನ್ನು ತಾನೇ ಮಾಡಿಕೊಳ್ಳುತ್ತದೆ. ಬೆಂಜಮಿನ್ ಹಾರ್ಟ್, ಲಿನೆಟ್ ಹಾರ್ಟ್ ಎಂಬ ವಿಜ್ಞಾನಿ ದಂಪತಿ ಆನೆ ಕೊಂಬೆ ಬೀಸುವಾಗ ಸುತ್ತಲಿನ ನೊಣ ಎಣಿಸಿದ್ದರು. ಶೇಕಡ 43ರಷ್ಟು ಕಡಿಮೆಯಾಗಿತ್ತು. ಆಮೇಲೆ ಅವರೇ ನಾಗರಹೊಳೆಯ ಸಾಕಾನೆಗಳ ಮುಂದೆ ಬೇಕೆಂದೇ ತೀರಾ ಉದ್ದದ, ತೀರಾ ಪೊದೆಯಾದ ಕೊಂಬೆ ಇಟ್ಟು ನೋಡಿದರು. ಹಾಗೇ ಎತ್ತಿ ಬೀಸಲು ಆಗದಂಥದ್ದು. 13 ಆನೆಗಳಲ್ಲಿ 8 ಆನೆಗಳು ಅದನ್ನು ತಮಗೆ ಬೇಕಾದ ಅಳತೆಗೆ ಸರಿಮಾಡಿಕೊಂಡು ಬೀಸಿದವು. ಈ ಅಧ್ಯಯನ 2001ರಲ್ಲಿ ಪ್ರಕಟವಾಯಿತು.

ಮುಂದಿನ ದಸರಾಕ್ಕೆ ಆನೆಗಳು ಅರಮನೆ ಆವರಣಕ್ಕೆ ಬಂದಾಗ ಮಗಳನ್ನು ಕರೆದುಕೊಂಡು ಬನ್ನಿ. ಮಾವುತರು ಮೇವು ಹಾಕುವ ಹೊತ್ತಿಗೆ ಸುಮ್ನೆ ಒಂದರ್ಧ ಗಂಟೆ ದೂರದಲ್ಲಿ ನಿಂತು ನೋಡಲಿ. ಸೊಪ್ಪಿನ ರಾಶಿಯಿಂದ ಒಂದು ಕೊಂಬೆಯನ್ನು ತಿನ್ನದೆ ಬೇರೆ ಇಡುವ ಆನೆ ಸಿಕ್ಕಿದರೆ, ಅದರ ಮುಂಗಾಲನ್ನು ಗಮನಿಸಲಿ. ಕೊಂಬೆಯ ಒಂದು ತುದಿಯನ್ನು ಕಾಲಲ್ಲಿ ಒತ್ತಿಕೊಂಡು, ಇನ್ನೊಂದನ್ನು ಸೊಂಡಿಲಲ್ಲಿ ಎಳೆದು ಮುರಿಯುವುದು ಅವಳ ಕಣ್ಣಿಗೆ ಬೀಳಬಹುದು.